ತೂಕ ಕರೋ

ಇದು ನಡೆದದ್ದೇ. ಒಂದಕ್ಷರ ಸುಳ್ಳಿದ್ದರೆ ನಾಳೆ ಬೆಳಿಗ್ಗೆ ನನ್ನ ಕಾಫಿಯ ಹಾಲು ಒಡೆಯಲಿ, ಮಧ್ಯಾಹ್ನದ ಅನ್ನ ಸೀದುಹೋಗಲಿ, ಸಂಜೆ ಕರೆಂಟು ಹೋಗಲಿ. ದೆಹಲಿಯಲ್ಲಿ ಕರೆಂಟು ಹೇಗೂ ಹೋಗುತ್ತದೆ, ಅದನ್ನು ಬಿಡಿ. ಹಾಲು ಮತ್ತು ಅನ್ನದ ಮೇಲೆ ಆಣೆ.

ಜನಕಪುರಿಗೆ ಮೆಟ್ರೋ ಬಂದ ಹೊಸತು. ಅಲ್ಲೊಂದು ಮೊದಲ ಮಹಡಿಯ ಮನೆಯಲ್ಲಿ ನಾಲ್ಕು ಜನ ಇದ್ದರು. ಮುರಳೀಧರ ಮನೆಯ ಯಜಮಾನ. ಮಾನೇಸರಿನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ. ಅವನ ಅರ್ಧ ಆಯುಷ್ಯ ಹೋಗಿಬರುವ ಬಸ್ಸಿನಲ್ಲಿ ಕಳೆದಿತ್ತು, ಇನ್ನರ್ಧ ಮನೆಯ ಸೋಫಾದ ಮೇಲೆ, ಬಾಯಿ ತೆರೆದುಕೊಂಡು. ಹೆಂಡತಿ ವೈಜಯಂತಿ. ತಾಯಿ ಅಹಲ್ಯಮ್ಮ. ಇವರಿಬ್ಬರ ನಡುವೆ, ದೇವರೇ ಎಳೆದುಕೊಟ್ಟ ಟೆಲಿಫೋನ್ ತಂತಿಯ ಹಾಗೆ, ಮಗಳು ಹರ್ಷಿಣಿ.

ತಂತಿ ಅಂದದ್ದು ಯಾಕೆಂದರೆ, ಅತ್ತೆ ಸೊಸೆ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಹರ್ಷಿಣಿ ಆಗಿನ್ನೂ ಎರಡು ಜಡೆ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದಳು. ಕನ್ನಡ ಸಂಘದವರು ಯಾರೋ ಊಟಕ್ಕೆ ಬಂದಿದ್ದ ದಿನ ವೈಜಯಂತಿ ಪ್ಯಾಕೆಟ್ಟಿನ ಹುಳಿಪುಡಿ ಹಾಕಿ ಹುಳಿ ಮಾಡಿದ್ದಳು. ಬಂದವರು ಬಾಯಿ ಚಪ್ಪರಿಸಿ ಹೊಗಳಿದರು. ಅಹಲ್ಯಮ್ಮ, "ನನ್ನ ಸೊಸೆಗೆ ಯಾಕೆ ಹೇಳ್ತೀರಿ? ಅಂಗಡಿಯವನಿಗೆ ಹೇಳಿ" ಅಂದರು. ವೈಜಯಂತಿ ಕೈಯಲ್ಲಿದ್ದ ಸೌಟನ್ನು ಹುಳಿಯಲ್ಲೇ ಬಿಟ್ಟು ಒಳಗೆ ಹೋದಳು. ಸೌಟಿನ ಜೊತೆ ಮಾತೂ ಮುಳುಗಿತು. ಸೌಟನ್ನು ಆಮೇಲೆ ಯಾರೋ ತೆಗೆದರು, ಮಾತನ್ನು ಯಾರೂ ತೆಗೆಯಲಿಲ್ಲ.

ಅಲ್ಲಿಂದ ಮುಂದೆ ಮನೆಯಲ್ಲಿ ಏನಿದ್ದರೂ ಹರ್ಷಿಣಿಯ ಮೂಲಕ.

"ಹರ್ಷಿಣಿ, ನಿಮ್ಮಜ್ಜಿಗೆ ಹೇಳು, ತಿಂಡಿ ಆಗಿದೆ."

ಅಜ್ಜಿ ಅಲ್ಲೇ ಟೇಬಲ್ಲಿನ ಮುಂದೆ ಕೂತಿರುತ್ತಿದ್ದರು. ಕೈ ಚಾಚಿದರೆ ಸೊಸೆಯ ಸೆರಗು ಸಿಗುವಷ್ಟು ಹತ್ತಿರ. ಆದರೂ ಹರ್ಷಿಣಿ "ಅಜ್ಜಿ, ತಿಂಡಿ ಆಗಿದೆ" ಅನ್ನುವವರೆಗೂ ಆ ಮಾತು ಇನ್ನೂ ದಾರಿಯಲ್ಲಿದೆ ಎಂದೇ ಅರ್ಥ.

"ನಿಮ್ಮಮ್ಮಂಗೆ ಹೇಳು, ಉಪ್ಪಿಟ್ಟಾದ್ರೆ ನನಗೆ ಬೇಡ."

"ಅಮ್ಮ, ಉಪ್ಪಿಟ್ಟಾ?"

"ನಿಮ್ಮಜ್ಜಿಗೆ ಹೇಳು, ಹೌದು. ಕಾಫಿನೂ ಬೇಡ ಅಂದ್ರೆ ಲೋಟ ಬೋರಲು ಹಾಕೋಕೆ ಹೇಳು."

ಲೋಟ ಬೋರಲು ಹಾಕುವುದು ಹರ್ಷಿಣಿ ಕಾಲೇಜಿಗೆ ಹೋದ ಹೊತ್ತಿನ ಏರ್ಪಾಡು. ಅಜ್ಜಿಯ ಲೋಟ ಬೋರಲಾಗಿದ್ದರೆ ಕಾಫಿ ಬೇಡ, ನೆಟ್ಟಗಿದ್ದರೆ ಬೇಕು. ಅಡ್ಡ ಮಲಗಿದ್ದರೆ ಸಿಟ್ಟು ಬಂದಿದೆ. ಅದು ಹೆಚ್ಚಾಗಿ ಅಡ್ಡವೇ ಮಲಗಿರುತ್ತಿತ್ತು.

ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿದ್ದರೆ ಹರ್ಷಿಣಿಗೆ ಸ್ವಲ್ಪ ಸಲೀಸು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ಮೊದಲು ಕಲ್ಲು ಆರಿಸಿಬಿಡುತ್ತಿದ್ದಳು. "ಆ ಮುದುಕಿಗೆ ಹೇಳು ಫ್ಯಾನ್ ಆರಿಸು ಅಂತ" ಎಂದು ಹೊರಟದ್ದು, "ಅಜ್ಜಿ, ಫ್ಯಾನ್ ಸಾಕಾ?" ಎಂದು ತಲುಪುತ್ತಿತ್ತು. ಹೀಗೆ ಆರಿಸಿ ಆರಿಸಿ ಅವಳಿಗೆ ಸಾಕಾಗಿ ಹೋಗಿತ್ತು. ಉಳಿದ ಹುಡುಗಿಯರಿಗೆ ಓದಿ ತಲೆನೋವು ಬಂದರೆ ಇವಳಿಗೆ ದವಡೆನೋವು.

ಮನೆಯ ಹೊರಗೂ ಅಜ್ಜಿಗೆ ಅವಳೇ ಬಾಯಿ. ಅಹಲ್ಯಮ್ಮನಿಗೆ ಹಿಂದಿ ಹತ್ತಿರಲಿಲ್ಲ. ತಾವೇ ಒಂದು ಉಪಾಯ ಕಂಡುಕೊಂಡಿದ್ದರು: ಯಾವುದೇ ಕನ್ನಡ ಮಾತಿನ ಬಾಲಕ್ಕೆ 'ಕರೋ' ಅಂಟಿಸಿದರೆ ಅದು ಹಿಂದಿ. "ಭಯ್ಯಾ, ಬಾಗಿಲು ಕರೋ." "ಭಯ್ಯಾ, ಸೊಪ್ಪು ಸೋಸಿ ಕರೋ." ತರಕಾರಿಯವನು ಪಾಪ, ಮೇಲೆ ನೋಡಿ "ಗುಡಿಯಾ!" ಎಂದು ಹರ್ಷಿಣಿಯನ್ನು ಕೂಗುತ್ತಿದ್ದ.

ಇಂಥ ಮನೆಗೆ ಒಂದು ದಿನ ಸ್ಕಾಟ್ಲೆಂಡಿನಿಂದ ಕರೆ ಬಂತು. ಹರ್ಷಿಣಿಗೆ ಗ್ಲಾಸ್ಗೋದಲ್ಲಿ ಎಂಎಸ್ಸಿ ಸೀಟು, ನೀರು ಶುದ್ಧಮಾಡುವ ಓದು. ವೀಸಾ ಕೂಡ ಆಯಿತು. ಅವಳಿಗೆ ಆದ ಸಂತೋಷ ಓದಿನದಲ್ಲ, ಸುಳ್ಳೇಕೆ. ಅಲ್ಲಿ ಒಂದು ಪುಟ್ಟ ಕೋಣೆ ಕೊಡುತ್ತಾರಂತೆ, ಅದರಲ್ಲಿ ಅವಳೊಬ್ಬಳೇ ಅಂತೆ, ಯಾರಿಗೂ ಯಾರ ಮಾತನ್ನೂ ಹೇಳಬೇಕಾಗಿಲ್ಲವಂತೆ. ಅದನ್ನು ನೆನೆಸಿಕೊಂಡೇ ಅವಳಿಗೆ ನಿದ್ದೆ ಬರುತ್ತಿತ್ತು.

ಅವತ್ತು ಊಟಕ್ಕೆ ಕೂತಾಗ ಮುರಳೀಧರ ಚಪಾತಿ ಮುರಿಯುತ್ತಾ ಹೇಳಿದ:

"ಇವಳು ಹೋದ್ಮೇಲೆ ಅಮ್ಮನ್ನ ಸೋಮು ಮನೇಲಿ ಬಿಟ್ಟು ಬರ್ತೀನಿ. ತುಮಕೂರಲ್ಲಿ ಎಲ್ಲಾ ಕನ್ನಡದೋರೇ. ಮಾತಿಗೆ ಜನ ಇರ್ತಾರೆ."

ಸೋಮು ಅಂದರೆ ಅವನ ತಮ್ಮ ಸೋಮಶೇಖರ.

"ಹರ್ಷಿಣಿ, ನಿಮ್ಮಪ್ಪಂಗೆ ಹೇಳು," ಅಂದರು ಅಜ್ಜಿ, "ನಾನೇನು ಸೂಟ್‌ಕೇಸಾ, ಎತ್ಕೊಂಡು ಹೋಗಿ ಬಿಟ್ಟು ಬರೋಕೆ?"

"ಅಮ್ಮಾ, ನನ್ನ ಹತ್ರ ಮಾತಾಡ್ತೀಯಲ್ಲ, ನನಗೇ ಹೇಳು!"

"ಅಭ್ಯಾಸ ಆಗ್ಬಿಟ್ಟಿದೆ ಕಣೋ."

"ಅಪ್ಪ, ಅಜ್ಜಿನ ಕಳಿಸೋದಾದ್ರೆ ನಾನೂ ಹೋಗಲ್ಲ. ಬಸ್," ಅಂದಳು ಹರ್ಷಿಣಿ.

"ಫೀಸ್ ಕಟ್ಟಾಗಿದೆ ಪುಟ್ಟಾ. ನೀನೇ ಹೇಳು, ಹಗಲೆಲ್ಲ ನಾನು ಮಾನೇಸರಲ್ಲಿ ಇರೋನು. ಇವರಿಬ್ಬರೂ ಗೋಡೆ ನೋಡ್ಕೊಂಡು ಕೂತ್ಕೋತಾರಾ? ಅಮ್ಮಂಗೆ ತಲೆ ಸುತ್ತಿ ಬಿದ್ರೆ ಏನಾಯ್ತು ಅಂತ ಕೇಳೋರು ಯಾರು? ಬಿಪಿ ಮಾತ್ರೆ ತಗೊಂಡ್ರಾ ಅಂತ ಕೇಳೋರು ಯಾರು?"

ಎಲ್ಲರೂ ವೈಜಯಂತಿಯ ಕಡೆ ನೋಡಿದರು. ಅವಳು ಬೆಳಿಗ್ಗೆಯಿಂದ ಒಲೆ ಮುಂದೆ ನಿಂತು ಸುಸ್ತಾಗಿದ್ದಳು.

"ಮಾತ್ರೆ ಟೇಬಲ್ ಮೇಲೆ ಇಡ್ತೀನಿ," ಅಂದಳು. "ಕೇಳೋದು ನನ್ನ ಕೈಲಾಗಲ್ಲ."

"ನೋಡಿದ್ಯಾ?" ಅಂದ ಮುರಳೀಧರ. "ಇವರಿಬ್ಬರೂ ಬಾಯಿ ಬಿಟ್ಟು ಒಂದು ಮಾತಾಡಿದ ದಿನ ನಾನು ಅಮ್ಮನ ರೈಲು ಟಿಕೆಟ್ ಹರಿದು ಹಾಕ್ತೀನಿ. ಅಲ್ಲೀವರೆಗೂ ನಿನ್ನ ವಿಮಾನ ಹತ್ತಿಸಿ, ಮರುದಿನ ಅಮ್ಮನ್ನ ರೈಲು ಹತ್ತಿಸ್ತೀನಿ. ಚಲೋ, ಮಜ್ಜಿಗೆ ಹಾಕು."

ಹೀಗೆ ಒಂದೇ ಕೋಣೆಯಲ್ಲಿ ಎರಡು ಪ್ರಯಾಣದ ತಯಾರಿ ಶುರುವಾಯಿತು. ಹರ್ಷಿಣಿಯ ಮಂಚದ ಮೇಲೆ ಹೊಸ ನೀಲಿ ಸೂಟ್‌ಕೇಸು, ಅಜ್ಜಿಯ ಮಂಚದ ಕೆಳಗೆ ಹಳೆಯ ಟ್ರಂಕು. ವಿಮಾನದವರು ಹೇಳಿದ ತೂಕಕ್ಕಿಂತ ಸೂಟ್‌ಕೇಸು ಒಂದು ಕೂದಲೆಳೆಯೂ ಹೆಚ್ಚಿರುವಂತಿಲ್ಲ. ಆದರೆ ಅದು ರಾತ್ರಿ ಮಲಗಿದ್ದಾಗ ಬೆಳೆಯುತ್ತಿತ್ತು! ಸಂಜೆ ಜಿಪ್ ಹಾಕಿ ಇಟ್ಟರೆ ಬೆಳಿಗ್ಗೆ ಹಲಸಿನಹಣ್ಣಿನ ಹಾಗೆ ಉಬ್ಬಿರುತ್ತಿತ್ತು. ಬಿಚ್ಚಿ ನೋಡಿದರೆ ಅಜ್ಜಿಯ ಹಿತ್ತಾಳೆ ಒಗ್ಗರಣೆ ಸೌಟು, ಅಜ್ಜಿಯ ಕಂಬಳಿ, ಅಜ್ಜಿಯ ಕುಂಕುಮದ ಭರಣಿ.

"ಅಜ್ಜಿ, ಇದೆಲ್ಲ ನಿನ್ನ ಟ್ರಂಕಿಗೆ ಹಾಕ್ಕೋ. ತುಮಕೂರಿಗೆ ಬೇಡ್ವಾ?"

"ಅಲ್ಲಿ ಎಲ್ಲಿ ಇಡ್ಲಿ? ಹೋದ್ಸಲ ಹೋದಾಗ ಸೋಮು ನನ್ನ ಹಾಲ್‌ನಲ್ಲಿ ದಿವಾನ್ ಮೇಲೆ ಮಲಗಿಸಿದ್ದ. ಅವರು ಟಿವಿ ಆರಿಸಿದ್ರೆ ನನಗೆ ರಾತ್ರಿ, ಹಾಕಿದ್ರೆ ಬೆಳಗು. ದಿವಾನ್ ಕೆಳಗೆ ಅವರ ಚಪ್ಪಲಿ. ನನ್ನ ಸೌಟನ್ನ ಚಪ್ಪಲಿ ಜೊತೆ ಇಡ್ಲಾ? ನೀನೇ ತಗೊಂಡ್ಹೋಗು."

ಹರ್ಷಿಣಿ ಎದ್ದಳು. ಅಡುಗೆಮನೆಗೆ ಹೋಗಿ, "ಅಮ್ಮ, ಅಜ್ಜಿಗೆ ಅಲ್ಲಿ ಅಷ್ಟು ಇಷ್ಟ ಇಲ್ಲ" ಎಂದಷ್ಟೇ ಹೇಳಿದಳು. ಅಭ್ಯಾಸಬಲ. ಕಲ್ಲು ಆರಿಸುತ್ತಾ ಆರಿಸುತ್ತಾ ಅಕ್ಕಿಯನ್ನೂ ಎಸೆದುಬಿಟ್ಟಿದ್ದಳು.

"ಇಷ್ಟ ಅಂತೆ ಇಷ್ಟ," ಅಂದಳು ವೈಜಯಂತಿ, ಧನಿಯಾ ಹುರಿಯುತ್ತಾ. "ನನಗೇನು ಈ ಶೆಖೆಯಲ್ಲಿ ಒಲೆ ಮುಂದೆ ನಿಲ್ಲೋದು ಇಷ್ಟವಾ?"

ಅವಳು ಹುಳಿಪುಡಿ ಮಾಡುತ್ತಿದ್ದಳು. ಆ ಹಾಳು ಊಟದ ಮರುದಿನದಿಂದ ಅವಳು ಮನೆಗೆ ಪ್ಯಾಕೆಟ್ ತಂದಿರಲಿಲ್ಲ, ತಾನೇ ಹುರಿದು ಕುಟ್ಟುತ್ತಿದ್ದಳು. ಅದು ಹೇಗಿದೆ ಎಂದು ಅತ್ತೆ ಈವರೆಗೂ ಹೇಳಿರಲಿಲ್ಲ. ಮಾತೇ ಇಲ್ಲವಲ್ಲ. ಮಧ್ಯಾಹ್ನ ಸೊಸೆ ಮಲಗಿದ ಮೇಲೆ ಅಹಲ್ಯಮ್ಮ ಎದ್ದು ಅದೇ ಬಾಣಲೆಯಲ್ಲಿ ತಮ್ಮ ಲೆಕ್ಕದ ಹುಳಿಪುಡಿ ಹುರಿಯುತ್ತಿದ್ದರು. ಒಂದೇ ಮೊಮ್ಮಗಳಿಗೆ ಎರಡು ಹುಳಿಪುಡಿ! ಘಾಟಿಗೆ ಕೆಳಗಿನ ಮನೆಯ ಬಗ್ಗಾ ಆಂಟಿ ಸೀನಿದ ಸೀನಿಗೆ ಬೀದಿಯ ಪಾರಿವಾಳಗಳೆಲ್ಲ ಎದ್ದು ಉತ್ತಮನಗರಕ್ಕೆ ಹೋಗಿ ಕೂತವು, ಸಂಜೆ ಮೆಟ್ರೋದಲ್ಲಿ ವಾಪಸ್ಸು ಬಂದವು.

ಹರ್ಷಿಣಿ ಒಂದು ಸುಳ್ಳನ್ನೂ ಪ್ರಯತ್ನಿಸಿದಳು.

"ಅಮ್ಮ, ನಿನ್ನ ಪುಡಿ ಘಮ ಚೆನ್ನಾಗಿದೆ ಅಂದ್ರು ಅಜ್ಜಿ."

"ಯಾರು, ನಿಮ್ಮಜ್ಜಿ? ಸುಳ್ಳು ಹೇಳೋದೂ ಕಲಿತ್ಯಾ? ಇನ್ನು ಧಾರಾಳವಾಗಿ ಫಾರಿನ್ನಿಗೆ ಹೋಗ್ಬಹುದು."

"ನೀನೇ ಒಂದ್ಸಲ ಮಾತಾಡಮ್ಮ, ಪ್ಲೀಸ್. ನನಗೆ ಸಾಕಾಗಿದೆ, ಥಕ್ ಗಯೀ, ಸಚ್ಚಿ."

"ಅವರು ದೊಡ್ಡೋರು. ಅವರೇ ಮೊದಲು ಮಾತಾಡ್ಲಿ."

ಅಜ್ಜಿಯ ಹತ್ತಿರ ಹೋದರೆ, "ಅವಳು ಚಿಕ್ಕೋಳು. ಅವಳೇ ಮೊದಲು ಮಾತಾಡ್ಲಿ."

ಹರ್ಷಿಣಿ ಸೂಟ್‌ಕೇಸಿನ ಮೇಲೆ ಕೂತುಬಿಟ್ಟಳು. ಜಿಪ್ ಹಾಕುವುದಕ್ಕಲ್ಲ, ಇನ್ನು ಯಾರ ಹತ್ತಿರ ಹೋಗುವುದು?

ದಿನಗಳು ಹಾಗೇ ಜಾರಿದವು. ಹೊರಡುವ ವಾರ ಬಂತು. ಹರ್ಷಿಣಿ ಚಳಿಗೆ ಕೋಟು ತರಲು ಸರೋಜಿನಿ ನಗರಕ್ಕೆ ಹೋದಳು. ಆಗಸ್ಟ್ ತಿಂಗಳ ಬೆವರಿನಲ್ಲಿ ಉಣ್ಣೆ ಕೋಟು ಹಾಕಿ ನೋಡಿದಳು. ಅಂಗಡಿಯವನು "ಬಿಲ್ಕುಲ್ ಫಿಟ್" ಅನ್ನುವಷ್ಟರಲ್ಲಿ ಅವಳು ಅರ್ಧ ಕರಗಿದ್ದಳು, ಉಳಿದರ್ಧಕ್ಕೆ ಸೈಜು ಸರಿಯಾಯಿತು. ಕೋಟನ್ನು ಹೆಗಲಿಗೆ ಹಾಕಿಕೊಂಡು, ಕಾಲೆಳೆಯುತ್ತಾ ತಮ್ಮ ಬೀದಿಯ ತಿರುವಿಗೆ ಬಂದಾಗ ಅಜ್ಜಿಯ ಗಂಟಲು ಕೇಳಿಸಿತು. ಇಸ್ತ್ರಿಯವನ ಗಾಡಿಯ ಹತ್ತಿರ ನಿಂತು ನೋಡಿದಳು.

ಅಜ್ಜಿ ಬೀದಿಯ ನಡುವೆ ನಿಂತಿದ್ದರು. ಪಕ್ಕದಲ್ಲಿ ನೀಲಿ ಸೂಟ್‌ಕೇಸು. ಅದನ್ನು ಅವರೊಬ್ಬರೇ ಮಹಡಿಯಿಂದ ಇಳಿಸಿದ್ದರು, ಮೆಟ್ಟಿಲಿಗೊಂದು ದುಡುಂ. ಬಗ್ಗಾ ಆಂಟಿ ಭೂಕಂಪವೆಂದು ಪ್ರೆಶರ್ ಕುಕ್ಕರ್ ಸಮೇತ ಹೊರಗೆ ಓಡಿ ಬಂದಿದ್ದರು. ಎದುರಿಗೆ ಹಳೇ ಪೇಪರ್ ಕೊಳ್ಳುವ ರದ್ದಿ ಭಯ್ಯಾ, ಕೈಯಲ್ಲಿ ತಕ್ಕಡಿ, ಬಾಯಿ ತುಂಬ ಪಾನ್.

ಮೊಮ್ಮಗಳು ಬರುವುದರೊಳಗೆ ಸೂಟ್‌ಕೇಸಿನ ತೂಕ ಹಾಕಿಸಿಬಿಡೋಣ, ಹುಡುಗಿಗೆ ಒಂದು ಕೆಲಸವಾದರೂ ಕಡಿಮೆಯಾಗಲಿ ಎಂದು ಅಜ್ಜಿಯ ಲೆಕ್ಕ. ಪಾಪ, ಒಳ್ಳೆಯ ಲೆಕ್ಕವೇ. ಆದರೆ ನಮ್ಮ ತೂಕ ಹಿಂದಿಯವರ ಕಿವಿಗೆ ಬಿದ್ದರೆ ಥೂಕ್ ಆಗುತ್ತದೆ. ಥೂಕ್ ಅಂದರೆ ಉಗುಳು.

"ಭಯ್ಯಾ, ತೂಕ ಕರೋ!" ಅಂದರು ಅಜ್ಜಿ, ಸೂಟ್‌ಕೇಸು ತೋರಿಸಿ.

ಹೊಸ ಸೂಟ್‌ಕೇಸಿನ ಮೇಲೆ ಉಗುಳುವುದೇ ಎಂದು ರದ್ದಿ ಭಯ್ಯಾ ಬೆಚ್ಚಿದ. "ಇಸ್ ಪೇ, ಮಾತಾಜಿ? ನಯಾ ಹೈ!"

"ಹಾಂ ಹಾಂ, ನಯಾ! ತೂಕ ಕರೋ! ಅಚ್ಛಾ ತೂಕ ಕರೋ!"

ಅವನು ಕೈ ಮುಗಿದ. ಅಜ್ಜಿ ಬಿಡಲಿಲ್ಲ. "ಪೈಸಾ ಕೊಡ್ತೀನಿ ಕಣೋ, ತೂಕ ಕರೋ!" ಬಗ್ಗಾ ಆಂಟಿಗೆ ಹೊಳೆಯಿತು. "ಅರೇ, ನಜರ್ ಉತಾರ್ ರಹೀ ಹೈ! ಬಚ್ಚೀ ವಿಲಾಯತ್ ಜಾ ರಹೀ ಹೈ ನಾ!" ಹುಡುಗಿ ಪರದೇಶಕ್ಕೆ ಹೊರಟಿದ್ದಾಳೆ, ದೃಷ್ಟಿ ತೆಗೆಸುತ್ತಿದ್ದಾರೆ. ರದ್ದಿ ಭಯ್ಯಾನ ಮುಖ ಅರಳಿತು. ಹಾಗೆ ಹೇಳಬಾರದೆ! ಒಂದು ಹೆಜ್ಜೆ ಹಿಂದೆ ಸರಿದು, ಭಕ್ತಿಯಿಂದ ಕಣ್ಣು ಮುಚ್ಚಿ, ಬಾಯಲ್ಲಿದ್ದ ಅಷ್ಟನ್ನೂ ಸೂಟ್‌ಕೇಸಿನ ಮೇಲೆ ಥೂ ಅಂತ ಸಮರ್ಪಿಸಿದ.

ಅಜ್ಜಿ ಕಿರುಚಿದ ಕಿರುಚಿಗೆ ಇಸ್ತ್ರಿಯವನ ಕೆಂಡ ಹೊತ್ತಿಕೊಂಡಿತು.

"ಅಯ್ಯೋ, ಉಗುಳಿಬಿಟ್ಟನಲ್ಲಪ್ಪಾ! ಹರ್ಷಿಣೀ!"

ಹರ್ಷಿಣಿಯ ಕಾಲು ತಾನಾಗಿ ಮುಂದೆ ಹೋಯಿತು. ಬಾಯಿ ತೆರೆಯಿತು. ಅಷ್ಟರಲ್ಲಿ ಮೇಲೆ ಬಾಲ್ಕನಿಗೆ ಅಮ್ಮ ಬಂದಳು, ಮೊಣಕೈವರೆಗೂ ಕಡಲೆಹಿಟ್ಟು.

"ಹರ್ಷಿಣೀ! ನಿಮ್ಮಜ್ಜಿಗೆ ಹೇಳು..."

ಹರ್ಷಿಣಿ ಮುಂದಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಕೋಟನ್ನು ತಲೆಯ ಮೇಲೆ ಎಳೆದುಕೊಂಡು ಇಸ್ತ್ರಿ ಗಾಡಿಯ ಹಿಂದೆ ಕುಕ್ಕರುಗಾಲಿನಲ್ಲಿ ಕೂತಳು. ಇಸ್ತ್ರಿಯವನು "ಕ್ಯಾ ಹುವಾ ದೀದಿ?" ಅಂದ. ಅವಳು ಬಾಯಿಗೆ ಬೆರಳಿಟ್ಟಳು.

"ಹರ್ಷಿಣೀ!" ಕೆಳಗಿನಿಂದ.

"ಹರ್ಷಿಣೀ!" ಮೇಲಿನಿಂದ.

ತಂತಿ ಕಡಿದಿತ್ತು. ಅಜ್ಜಿ ಸಿಟ್ಟಿನಲ್ಲಿ ಮತ್ತೆ ರದ್ದಿ ಭಯ್ಯಾನ ಕಡೆ ತಿರುಗಿ, "ಉಗುಳು ಅಂದ್ನಾ ನಾನು? ತೂಕ ಕರೋ ಅಂದೆ, ತೂಕ!" ಅಂದರು. ಅವನು ಪಾಪ, ಬಾಯಲ್ಲಿ ಇನ್ನೇನಾದರೂ ಉಳಿದಿದೆಯೇ ಎಂದು ನಾಲಿಗೆಯಿಂದ ಹುಡುಕತೊಡಗಿದ.

"ಅತ್ತೇ!"

ಬೀದಿ ನಿಂತಿತು.

"ಅತ್ತೆ, ತೂಕ ಅನ್ಬೇಡೀ! ಮತ್ತೆ ಉಗುಳ್ತಾನೆ! ವಜನ್ ಅನ್ನಿ, ವಜನ್!"

ಅಹಲ್ಯಮ್ಮ ನಿಧಾನಕ್ಕೆ ತಲೆ ಎತ್ತಿದರು.

"ಏನಂದೆ?"

"ವಜನ್ ಅಂದೆ."

"ಈಗ ಹೇಳ್ತೀಯಾ? ಉಗುಳಿಸಿಕೊಂಡ್ಮೇಲೆ?"

"ನೀವು ಕೇಳಿದ್ರಾ?"

"ಕೇಳೋಕೆ ನೀನು ಮಾತಾಡ್ತಿದ್ಯಾ?"

"ಮಾತು ಬಿಟ್ಟಿದ್ದು ಯಾರು? ಅಷ್ಟು ಜನದ ಮುಂದೆ ಅಂಗಡಿಯವನಿಗೆ ಹೇಳಿ ಅಂದಿದ್ದು ಯಾರು?"

"ಅಂದೆ! ಅಂದ್ರೆ ಏನಾಯ್ತು? ನೀನೂ ನಾಲ್ಕು ಅನ್ಬೇಕಿತ್ತು! ಸೌಟು ಮುಳುಗಿಸಿ ಹೋಗೋದಾ? ನಾನು ಆ ಸೌಟು ಹುಡುಕೋಕೆ ಕೈ ಸುಟ್ಕೊಂಡೆ, ಯಾರಿಗಾದ್ರೂ ಗೊತ್ತಾ?"

ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ, ವರ್ಷಗಟ್ಟಲೆ ಕೂಡಿಟ್ಟ ಮಾತು ದಬದಬ ಸುರಿಯಿತು. ಬಗ್ಗಾ ಆಂಟಿ ಕುಕ್ಕರಿನ ಮೇಲೆ ಕೂತು ಅರ್ಥವಾಗದಿದ್ದರೂ ತಲೆಯಾಡಿಸಿದರು. ಜಗಳದ ನಡುವೆಯೇ ವೈಜಯಂತಿ ಒಂದು ಬಕೆಟ್ ನೀರು ಹಿಡಿದು ಇಳಿದು ಬಂದಳು. ಇಬ್ಬರೂ ಬೈದುಕೊಳ್ಳುತ್ತಲೇ ಸೂಟ್‌ಕೇಸು ತೊಳೆದರು. ರದ್ದಿ ಭಯ್ಯಾ ಹೆದರುತ್ತಾ ತೂಗಿದ. ವಿಮಾನದವರು ಹೇಳಿದ್ದಕ್ಕಿಂತ ಬಹಳ ಹೆಚ್ಚು ಭಾರ.

ಅಲ್ಲೇ ಬೀದಿಯಲ್ಲಿ ಬಿಚ್ಚಿದರು. ಸೌಟು, ಕಂಬಳಿ, ಭರಣಿ.

"ಇದೆಲ್ಲ ನಿಮ್ಮದು. ಅವಳಿಗ್ಯಾಕೆ ತುಂಬಿದೀರಿ?"

"ತುಮಕೂರಲ್ಲಿ ಇಡೋಕೆ ಜಾಗ ಎಲ್ಲಿದೆ? ಅಲ್ಲಿ ನನಗೆ ಟಿವಿ ಮುಂದೆ ದಿವಾನ್. ಅದರ ಕೆಳಗೆ ಅವರ ಚಪ್ಪಲಿ."

ವೈಜಯಂತಿ ಕಂಬಳಿಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು.

"ಹರ್ಷಿಣಿ ನನಗೆ ಇದನ್ನ ಹೇಳಲೇ ಇಲ್ಲ," ಅಂದಳು.

ಗಾಡಿಯ ಹಿಂದೆ ಹರ್ಷಿಣಿ ಕೋಟಿನೊಳಗೆ ಮುಖ ಹುದುಗಿಸಿದಳು. ಅವಳಿಗೆ ಶೆಖೆಯೂ ಗೊತ್ತಾಗಲಿಲ್ಲ.

"ಆ ರೈಲಿನ ಟಿಕೆಟ್ ಎಲ್ಲಿಟ್ಟಿದಾರೆ ನಿಮ್ಮ ಮಗ?" ಅಂದಳು ವೈಜಯಂತಿ.

"ಕ್ಯಾಲೆಂಡರ್ ಹಿಂದೆ."

"ತಗೊಂಬರ್ತೀನಿ ಇರಿ. ಹೇಗೂ ರದ್ದಿಯವನು ಇದ್ದಾನೆ."

ಸಂಜೆ ಮುರಳೀಧರ ಬಂದು ಕ್ಯಾಲೆಂಡರಿನ ಹಿಂದೆ ಕೈ ಹಾಕಿ ತಡಕಾಡಿದ.

"ರದ್ದಿಗೆ ಹಾಕಿದ್ರಾ? ಲೇ, ಕ್ಯಾನ್ಸಲ್ ಮಾಡಿಸಿದ್ರೆ ದುಡ್ಡು ವಾಪಸ್ ಬರ್ತಿತ್ತಲ್ಲೇ!"

"ಮಾತಾಡಿದ ದಿನ ಹರಿದು ಹಾಕ್ತೀನಿ ಅಂದಿದ್ದು ನೀವೇ," ಅಂದಳು ವೈಜಯಂತಿ.

"ಹರಿಯೋ ಕಷ್ಟ ನಿನಗ್ಯಾಕೆ ಅಂತ ತೂಗಿಸಿದ್ವಿ," ಅಂದರು ಅಜ್ಜಿ.

ಇಬ್ಬರೂ ಒಂದೇ ಕಡೆ ನಿಂತು ತನ್ನನ್ನು ನೋಡುತ್ತಿರುವುದು ಮುರಳೀಧರನಿಗೆ ಹೊಸತು. ಅವನು ಸೋಫಾ ಸೇರಿದ.

ಮನೆ ಶಾಂತವಾಯಿತು ಅಂದುಕೊಂಡಿರಾ? ಎಲ್ಲಿಯ ಶಾಂತಿ! ಸೂಟ್‌ಕೇಸಿನಲ್ಲಿ ಒಂದೇ ಹುಳಿಪುಡಿಗೆ ಜಾಗ. ನಿಮ್ಮದರಲ್ಲಿ ಮೆಂತ್ಯ ಜಾಸ್ತಿ, ನಿನ್ನದರಲ್ಲಿ ಮೆಣಸಿನಕಾಯಿ ಕರಕಲು. ವಾರವಿಡೀ ಅದೇ. ಆದರೆ ಹರ್ಷಿಣಿಯನ್ನು ಯಾರೂ ಕರೆಯಲಿಲ್ಲ. "ಅತ್ತೆ, ಬನ್ನಿ ತಿಂಡಿಗೆ" ಅಂತ ಅಮ್ಮ ಕೂಗಿದಾಗ, ಅಭ್ಯಾಸಕ್ಕೆ ಹರ್ಷಿಣಿಯ ಬಾಯಿ ತೆರೆದುಕೊಂಡಿತು. ಹೇಳಲು ಏನೂ ಇರಲಿಲ್ಲ. ಇಡ್ಲಿ ಇಟ್ಟು ಮುಚ್ಚಿದಳು. ಆಮೇಲೆ ಹೋಗಿ ಮಲಗಿದಳು. ಹಗಲು ಹೊತ್ತಿನಲ್ಲಿ, ಅಡುಗೆಮನೆಯ ಜಗಳ ಕೇಳುತ್ತಾ, ಎಷ್ಟೋ ವರ್ಷದ ನಿದ್ದೆ ಮಾಡಿದಳು. ಎದ್ದಾಗ ದವಡೆ ನೋಯುತ್ತಿರಲಿಲ್ಲ. ಎದೆಯ ಹತ್ತಿರ ಮಾತ್ರ ಏನೋ ಖಾಲಿ, ಸಾಮಾನು ತೆಗೆದ ಕಪಾಟಿನ ಹಾಗೆ.

ಹೊರಡುವ ದಿನ ಟ್ಯಾಕ್ಸಿ ಬಂದು ಹಾರ್ನ್ ಹೊಡೆದರೂ ಪುಡಿಯ ತೀರ್ಮಾನ ಆಗಲಿಲ್ಲ. "ನಿಮ್ಮದೇ ಹಾಕಿ", "ಬೇಡ, ನಿನ್ನದೇ ಹಾಕು" ಎಂದು ಅದಕ್ಕೂ ಜಗಳವಾಗಿ, ಎರಡೂ ಪೊಟ್ಟಣ ಟೇಬಲ್ಲಿನ ಮೇಲೇ ಉಳಿದವು. ಹುಡುಗಿ ಬರಿಗೈಯಲ್ಲಿ ವಿಮಾನ ಹತ್ತಿದಳು.

ಗ್ಲಾಸ್ಗೋದ ಆ ಪುಟ್ಟ ಕೋಣೆಯಿಂದ ಅವಳು ಮೊದಲ ಸಲ ಫೋನ್ ಮಾಡಿದಾಗ ಎತ್ತಿದ್ದು ಅಜ್ಜಿ.

"ಊಟ ಆಯ್ತಾ ಪುಟ್ಟಾ?"

"ಬ್ರೆಡ್ ತಿಂದೆ ಅಜ್ಜಿ."

"ಅಯ್ಯೋ, ಬ್ರೆಡ್ಡಾ! ನಿಮ್ಮಮ್ಮಂಗೆ ಹೇಳು..." ಅಂದವರು ಅಲ್ಲಿಗೇ ತಡೆದರು. "ಬೇಡ, ಇಡು ಫೋನು. ಇಲ್ಲೇ ಇದಾಳೆ. ನಾನೇ ಹೇಳ್ತೀನಿ."

ಫೋನು ಇಟ್ಟೇಬಿಟ್ಟರು. ಹರ್ಷಿಣಿ ಆ ಚಳಿಯಲ್ಲಿ ಕೋಟು ಹೊದ್ದು, ಕಿವಿಗೆ ಫೋನು ಹಿಡಿದುಕೊಂಡು, ಬಹಳ ಹೊತ್ತು ಹಾಗೇ ಕೂತಿದ್ದಳು.

ಆ ಎರಡು ಪೊಟ್ಟಣ ಜನಕಪುರಿಯಲ್ಲಿ ಇನ್ನೂ ಹಾಗೇ ಇವೆ. ನಿಮ್ಮ ಭಾವಮೈದ ಬರುವ ತಿಂಗಳು ಸ್ಕಾಟ್ಲೆಂಡಿಗೆ ಹೋಗುತ್ತಾನಂತಲ್ಲ, ನಿಮ್ಮ ಮನೆಯವರೇ ಅಂದರು. ಇಷ್ಟು ಹೊತ್ತು ಕೂತು ಪುಕ್ಕಟೆ ಕಥೆ ಕೇಳಿದಿರಿ, ಕಾಫಿಯನ್ನೂ ಕುಡಿದಿರಿ. ಅವನ ಚೀಲದಲ್ಲಿ ಸ್ವಲ್ಪ ಜಾಗ ಮಾಡಿಸಿ. ಒಂದು ಪೊಟ್ಟಣಕ್ಕಲ್ಲ, ಎರಡಕ್ಕೂ. ಒಂದನ್ನು ಒಯ್ದು ಒಂದನ್ನು ಬಿಟ್ಟರೆ ಆ ಮನೆಯ ಪಾಪ ನಿಮಗೆ. ಹೊರಡುವ ಮೊದಲು ಚೀಲ ತೂಗಿಸಿ, ಆದರೆ ಭಯ್ಯಾನ ಹತ್ತಿರ ಏನು ಅನ್ನಬೇಕು? ಒಂದ್ಸಲ ಗಟ್ಟಿಯಾಗಿ ಹೇಳಿ ನೋಡೋಣ, ಆಮೇಲೆ ಏಳುವಿರಂತೆ.